ಡಂಗುರ ಸಾರಿದ ಪುಟ್ಟೀರಿ

ಬಾ ಮಗಾ, ತಲೆ ಇಲ್ಲಿಡು. ನಮ್ಮಜ್ಜಿಯ ಅಜ್ಜಿಯೂ ಹುಟ್ಟದೇ ಇದ್ದ ಕಾಲದಲ್ಲಿ ಒಂದೂರಲ್ಲಿ ಮುದ್ದಯ್ಯ ಅಂತ ಡಂಗುರ ಸಾರೋನು ಇದ್ದನಂತೆ. ಊರಿಗೆ ಏನೇ ಸುದ್ದಿ ತಿಳಿಸಬೇಕಾದ್ರೂ ಅವನು ಚೌಕದಲ್ಲಿ ನಿಂತು ತಮಟೆ ಬಡಿದು ಕೂಗಿದ್ರೆ ಹೊಳೆ ಆಚೆಗೂ ಕೇಳಿಸ್ತಿತ್ತಂತೆ. ಅವನಿಗೆ ಮೂರು ಮಕ್ಕಳು. ದೊಡ್ಡೋಳು ಗಂಡನ ಮನೆ ಸೇರಿದ್ಲು, ನಡುವಿನೋನು ಕುರಿ ಕಾಯ್ತಿದ್ದ, ಕೊನೆಯೋಳೇ ಪುಟ್ಟೀರಿ. ಹತ್ತು ವರ್ಷ ಅವಳಿಗೆ. ಮನೇಲಿ ಥೇಟು ಅಪ್ಪನ ಹಾಗೇ ಕೂಗಿ ತೋರಿಸೋಳು, ಹೊರಗಡೆ ಯಾರಾದ್ರೂ ಹೆಸರು ಕೇಳಿದ್ರೆ ಸಾಕು, ಅವ್ವನ ಸೆರಗಿನ ಹಿಂದೆ.

ಒಂದಿನ ಮುದ್ದಯ್ಯಂಗೆ ಜ್ವರ ಬಂದು ಗಂಟಲು ಕಟ್ಟಿಹೋಯ್ತಂತೆ. ಅವತ್ತೇ ಗೌಡರ ಮನೆ ಕರು ಕಳೆದು, ಬಂದು ಸಾರಬೇಕು ಅಂತ ಹೇಳಿಕಳಿಸಿದ್ರಂತೆ. ಪುಟ್ಟೀರಿ ತಮಟೆ ನೇತುಹಾಕ್ಕೊಂಡು ಚೌಕಕ್ಕೆ ಹೋಗಿ ಬಡಿದ್ಲು. ಅಂಗಡಿಯೋರು, ನೀರು ಹೊರೋರು ಎಲ್ಲ ತಿರುಗಿ ನೋಡಿದ್ರು. ನೋಡಿದ್ದೇ ತಡ, ಬಾಯಿ ಒಣಗಿತು, ಮಂಡಿ ಗಡಗಡ ಅಂತು, ಎದೆ ತಮಟೆಗಿಂತ ಜೋರಾಗಿ ಬಡ್ಕೊಳ್ತು. ಕರು ಯಾವ ಬಣ್ಣದ್ದು ಅನ್ನೋದೇ ಮರೆತುಹೋಗಿ, ಮನೆಗೆ ಓಡಿಬಂದು ಕಣಜದ ಹಿಂದೆ ಕೂತುಬಿಟ್ಲಂತೆ.

ಬೈದ್ರಾ ಅಂತೀಯಾ? ಇಲ್ಲ ಕಣವ್ವ. ಮುದ್ದಯ್ಯ ಗೋಡೆ ಹಿಡ್ಕೊಂಡು ಎದ್ದು ಬಂದು ಪಕ್ಕ ಕೂತು, ಪಿಸುದನೀಲಿ ಅಂದನಂತೆ, ನಂಗೂ ಹಂಗೇ ಆಗ್ತದೆ ಮಗಳೇ, ನಲವತ್ತು ವರ್ಷದಿಂದ ಕೂಗ್ತಿದೀನಿ, ಮೊದಲನೇ ಮಾತು ಆಚೆಗೆ ಬರೋತನಕ ಕಾಲು ನಡುಗ್ತದೆ. ಪುಟ್ಟೀರಿ ಬಾಯಿ ಬಿಟ್ಕೊಂಡು ಅಪ್ಪನ್ನೇ ನೋಡಿದ್ಲು. ಮತ್ತೆ ನೀನು ಏನ್ಮಾಡ್ತೀಯಪ್ಪ ಅಂದ್ಲು. ನಿಧಾನಕ್ಕೆ ತಮಟೆ ಬಡೀತಾ ಉಸಿರು ಹೊಟ್ಟೆತನಕ ಎಳ್ಕೊತೀನಿ, ಆಮೇಲೆ ಗುಂಪಲ್ಲಿ ಒಂದು ಒಳ್ಳೆ ಮುಖ ಹುಡುಕಿ ಅವರೊಬ್ಬರಿಗೇ ಹೇಳ್ತೀನಿ, ಮಿಕ್ಕೋರು ಕೇಳಿಸ್ಕೋತಾರೆ ಅಂದನಂತೆ.

ಆಮೇಲೆ ಎರಡನೇ ಸಲ, ನಾಳೆ ಕೆರೆ ಮೀನು ಹಿಡಿಯೋ ದಿನ ಅಂತ ಸಾರಬೇಕಿತ್ತಂತೆ. ಪುಟ್ಟೀರಿ ಉಸಿರೆಳ್ಕೊಂಡು, ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದ ಕುಂಬಾರ ಕೆಂಪಜ್ಜಿ ಮುಖ ನೋಡ್ಕೊಂಡು ಕೂಗಿದ್ಲು, ಕೇಳ್ರಪ್ಪೋ ಕೇಳಿ, ನಾಳೆ ಬೆಳಿಗ್ಗೆ ಮೀನುಗಳೆಲ್ಲ ಬಲೆ ತಗೊಂಡು ಕೆರೆಗೆ ಬರಬೇಕು! ಊರೇ ಗೊಳ್ಳಂತ ನಕ್ಕಿತಂತೆ. ಇನ್ನೇನು ಓಡಬೇಕು, ಅಷ್ಟರಲ್ಲಿ ಕೆಂಪಜ್ಜಿ, ಮೀನಿಗೆ ಹೇಳಿದ್ದಾಯ್ತು, ಈಗ ನಮಗೂ ಹೇಳು ತಾಯಿ ಅಂದಳಂತೆ. ಪುಟ್ಟೀರಿಗೂ ನಗು ಬಂದು, ನಗ್ತಾ ನಗ್ತಾನೇ ಸರಿಯಾಗಿ ಸಾರಿ ಬಂದ್ಲಂತೆ.

ಮೂರನೇದು ಕೇಳು. ಆಮೇಲೆ ಆ ಊರಲ್ಲಿ ಪಾಳೇಗಾರರ ಮಗಳ ಮದುವೆ, ಸಾವಿರ ಜನ ಎಲೆ ಮುಂದೆ ಕೂತಿದ್ರಂತೆ. ಆಗ ಕುರಿ ಕಾಯೋ ಅಣ್ಣ ಏದುಸಿರು ಬಿಡ್ತಾ ಮನೆಗೆ ಬಂದ. ಮೀನಿಗೆ ಮತ್ತು ಬರಿಸೋಕೆ ಹಾಕೋ ವಿಷದ ಕಾಯಿ ಮೂಟೆ ದೊಡ್ಡ ಬಾವಿಗೆ ಉರುಳಿಬಿದ್ದೈತೆ, ಆ ನೀರು ಕುಡಿದು ಎರಡು ಕುರಿ ಸತ್ತೋದ್ವು, ಮದುವೆ ಅಡುಗೆಗೂ ಅದೇ ನೀರು ಅಂತ ಹೇಳಿ ಕುಸಿದು ಕೂತನಂತೆ. ಮುದ್ದಯ್ಯನ ಗಂಟಲು ಇನ್ನೂ ಬಿಟ್ಟಿರಲಿಲ್ಲ.

ಪುಟ್ಟೀರಿ ತಮಟೆ ಹಿಡ್ಕೊಂಡು ಚಪ್ಪರಕ್ಕೆ ಓಡಿದ್ಲು. ವಾಲಗದ ಸದ್ದು, ಅನ್ನ ಬಡಿಸ್ತಾ ಇದ್ರು, ಇವಳ ಕಡೆ ತಿರುಗೋರೇ ಇಲ್ಲ. ಬೋರಲು ಹಾಕಿದ್ದ ಕೊಪ್ಪರಿಗೆ ಮೇಲೆ ಹತ್ತಿ ಬಡಿದ್ಲು ನೋಡು, ವಾಲಗ ನಿಂತು ಸಾವಿರ ಜನ ತಿರುಗಿದ್ರು. ಪಾಳೇಗಾರರು ಹುಬ್ಬು ಗಂಟಿಕ್ಕಿದ್ರು. ಕಾಲು ನಡುಗಿ ಕೊಪ್ಪರಿಗೆನೇ ಅಲ್ಲಾಡ್ತಂತೆ. ಕೆಂಪಜ್ಜಿ ಎಲ್ಲೂ ಕಾಣಲಿಲ್ಲ. ಹುಡುಕ್ತಾ ಹುಡುಕ್ತಾ ಮದುಮಗಳ ಮುಖ ಕಂಡಿತು. ಅಷ್ಟು ಜನರ ಮುಂದೆ ಅವಳೂ ಬೆವೆತು ಕೂತಿದ್ಲು ಪಾಪ. ಪುಟ್ಟೀರಿ ಉಸಿರೆಳ್ಕೊಂಡು ಅವಳಿಗೇ ಹೇಳಿದ್ಲಂತೆ, ಅಕ್ಕಾ, ಯಾರೂ ತುತ್ತು ಎತ್ತಬೇಡಿ, ಬಾವಿ ನೀರಿಗೆ ವಿಷ ಬಿದ್ದೈತೆ! ದನಿ ಒಡೀತು, ನಡುಗ್ತು, ಆದ್ರೂ ಕಟ್ಟಕಡೆಯ ಸಾಲಿಗೂ ಮುಟ್ಟಿತು. ಸಾವಿರ ಕೈ ಹಾಗೇ ನಿಂತವಂತೆ.

ಹೋಗಿ ನೋಡಿದ್ರೆ ನಿಜ. ಪಾಳೇಗಾರರು ಅವಳನ್ನ ಹತ್ತಿರ ಕರೆದು, ಇಷ್ಟು ಜನದ ಮುಂದೆ ಹೆದರಿಕೆ ಆಗಲಿಲ್ವೇನಮ್ಮ ಅಂದ್ರಂತೆ. ಇವಳು ಎರಡೂ ಕೈ ಮುಂದೆ ಚಾಚಿ, ನೋಡಿ ಸ್ವಾಮಿ, ನಡುಕ ಇನ್ನೂ ನಿಂತಿಲ್ಲ ಅಂದಳಂತೆ. ಅಂಥಾ ಪಾಳೇಗಾರರು ಎದ್ದು ನಿಂತು ಆ ಪುಟ್ಟ ಕೈ ಹಿಡ್ಕೊಂಡ್ರಂತೆ.

ಆಮೇಲೆ ಆ ಅಡುಗೆನೆಲ್ಲ ಗುಂಡಿಗೆ ಸುರಿದು, ಹೊಳೆ ನೀರು ತಂದು ಮತ್ತೆ ಬೇಯಿಸಿದ್ರು. ಮೊದಲನೇ ಎಲೆ ಪುಟ್ಟೀರಿಗೆ. ಮದುಮಗಳೇ ಬಂದು ಪಾಯಸ ಬಡಿಸಿದ್ಲಂತೆ. ಅವಳ ಕೈ ನಡುಗಿ ಅರ್ಧ ಪಾಯಸ ಪುಟ್ಟೀರಿ ಲಂಗದ ಮೇಲೆ ಚೆಲ್ಲಿ, ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ.

ಅವರು ಅಲ್ಲಿ ಹೊಟ್ಟೆ ತುಂಬಾ ಉಂಡರು, ನನ್ನ ಕತೆ ಇಲ್ಲಿಗೆ ಮುಗೀತು. ಕಣ್ಣು ಮುಚ್ಚು ಮಗಾ.