ಬರಿಗಲ್ಲು ಬೀಸಿದ ಜವರ

ಹತ್ತಿರ ಬನ್ನಿ ಮಕ್ಕಳೇ. ಒಂದು ರಾಜ್ಯ. ಆ ರಾಜ್ಯದ ಅಂಚಿಗೆ ಒಂದು ಊರು. ಆ ಊರಲ್ಲಿ ಜವರ ಅಂತ ಒಬ್ಬ ಇದ್ದ. ಅವನ ಹೆಂಡತಿ ಪುಟ್ಟೀರಿ.

ಊರವರ ರಾಗಿ ಬೀಸಿಕೊಡೋದೇ ಅವರ ಕಸುಬು. ಕಲ್ಲಿಗೆ ಆ ಕಡೆ ಅವಳು, ಈ ಕಡೆ ಇವನು. ಒಂದೇ ಗೂಟಕ್ಕೆ ಇಬ್ಬರ ಕೈ.

"ಹೆಂಡ್ತಿ ಎದುರು ರಾಗಿ ಬೀಸೋ ಗಂಡಸು ನೋಡ್ರೋ!" ಅಂತ ಊರವರು ನಗೋರು.

"ನಿಮ್ಮೆದುರು ಕೂತರೆ ಪದ ಯಾರು ಹೇಳ್ತಾರೆ?" ಅನ್ನೋನು ಜವರ.

ಪದ ಪುಟ್ಟೀರಿಯದು. ಅವಳು ಎತ್ತೋಳು:

"ಕಲ್ಲವ್ವ, ಮೆಲ್ಲಗೆ ತಿರುಗೇ. ನಮ್ಮನೆ ಬಾಗಿಲಿಗೆ ಬೆಳಕು ಬರಲಿ."

ಜವರ ಸೊಲ್ಲು ಕೊಡೋನು:

"ಬರಲವ್ವ, ನಿಧಾನ ಬರಲಿ."

ಪದ ಎಷ್ಟು ನಿಧಾನವೋ ಕಲ್ಲೂ ಅಷ್ಟೇ ನಿಧಾನ. ಹಿಟ್ಟು ಹೂವಿನಂಗೆ ಉದುರೋದು.

ಹೀಗಿರುವಾಗ ಅರಸನ ಕಿರಿಮಗ ಹೊಸದಾಗಿ ಒಂದು ಪಟ್ಟಣ ಕಟ್ಟಲು ಹೊರಟ. ಅವನನ್ನ ಎಲ್ಲರೂ ಮರಿದೊರೆ ಅನ್ನೋರು. ಊರೂರು ತಿರುಗಿ ಜವರನ ಮನೆಗೂ ಬಂದ. ಹೆಗಲ ಮೇಲೆ ಕೈ ಹಾಕಿದ.

"ನನ್ನ ದೊರೆ ಅನ್ನಬೇಡ ಜವರಣ್ಣ, ತಮ್ಮ ಅನ್ನು. ಅದು ನನ್ನ ಪಟ್ಟಣ ಅಲ್ಲ, ನಮ್ಮೆಲ್ಲರದು. ಕೋಟೆ ಎದ್ದ ದಿನ ನಿನಗೊಂದು ಬೀದಿ. ಜವರನ ಬೀದಿ!"

ತನ್ನ ಹೆಸರಿನ ಬೀದಿ! ಜವರನ ಎದೆ ಉಬ್ಬಿತು.

"ಹೋಗಿಬರ್ತೀನಿ ಕಣೇ. ರಾಗಿ ಕೊಯ್ಲಿಗೆ ಮುಂಚೆ ಬಂದುಬಿಡ್ತೀನಿ."

ಪುಟ್ಟೀರಿ ಬೇಡ ಅನ್ನಲಿಲ್ಲ. ಬುತ್ತಿ ಕಟ್ಟಿಕೊಟ್ಟಳು.

ಹೊಸ ಪಟ್ಟಣದಲ್ಲಿ ಉದ್ದನೆ ಚಪ್ಪರ. ಕೋಟೆ ಕಟ್ಟೋ ಆಳುಗಳ ರೊಟ್ಟಿಗೆ ಅಂತ ಚಪ್ಪರದ ತುಂಬ ಬೀಸುವ ಕಲ್ಲು.

"ಪದ ಬೇಡ, ಕೈ ನಿಧಾನ ಆಗುತ್ತೆ," ಅಂದ ಮರಿದೊರೆ. ಪದ ನಿಂತಿತು.

"ಕಲ್ಲು ಕುಟ್ಟಿಸೋಕೆ ಹೊತ್ತಿಲ್ಲ, ಹಾಗೇ ಬೀಸಿ," ಅಂದ. ಉಳಿಯಲ್ಲಿ ಕುಟ್ಟಿ ತರಿ ಮಾಡದ ಕಲ್ಲು ಸವೆದು ನುಣ್ಣಗಾಯ್ತು. ಹಿಡಿ ಹಿಟ್ಟಿಗೆ ಎರಡು ಪಟ್ಟು ಬಲ ಬೇಕಾಯ್ತು.

ಒಂದು ದಿನ ರಾಗಿಯೇ ಬರಲಿಲ್ಲ. ಅವತ್ತೇ ಪರರಾಜ್ಯದ ಸಿರಿವಂತರು ಪಟ್ಟಣ ನೋಡಲು ಬರೋರಿದ್ದರು.

"ಬರಿಗಲ್ಲೇ ಬೀಸಿ. ಸದ್ದು ಕೇಳಿದರೆ ಸಾಕು. ಪಟ್ಟಣ ಏಳ್ತಾ ಇದೆ ಅಂತ ಅವರಿಗೆ ಗೊತ್ತಾಗಬೇಕು," ಅಂದ.

ಬರಿಗಲ್ಲು ಬೀಸಬಾರದು ಅಂತ ಬೀಸೋರ ಮನೆಯ ಕೂಸಿಗೂ ಗೊತ್ತು. ಕಾಳಿಲ್ಲದಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತೆ. ಆದರೂ ಜವರ ಬೀಸಿದ. ಬೀದಿ ನೆನೆದು ಬೀಸಿದ. ಆ ಗರಗರ ಸದ್ದಿನೊಳಗೆ ಪುಟ್ಟೀರಿಯ ದನಿಗೆ ಕಿವಿಗೊಟ್ಟ. ಕೇಳಲಿಲ್ಲ. ಪದದ ಮೊದಲ ಮಾತು ಏನು ಅಂತ ನೆನೆದ. ಅದೂ ಬರಲಿಲ್ಲ.

ಆಗ ಹೆದರಿದ. ಗೂಟ ಬಿಟ್ಟ. ಎದ್ದ. ಊರ ದಾರಿ ಹಿಡಿದ.

ಮನೆಗೆ ಬಂದಾಗ ಕೊಯ್ಲು ಯಾವಾಗಲೋ ಮುಗಿದಿತ್ತು. ಪುಟ್ಟೀರಿ ಕಲ್ಲಿನ ಮುಂದೆ ಒಬ್ಬಳೇ ಕೂತಿದ್ದಳು. ಎದುರಿನ ಮಣೆ ಹಾಕಿದ್ದು ಹಾಕಿದ ಹಾಗೇ ಇತ್ತು.

"ಬಂದ್ಯಾ?"

"ಬಂದೆ."

"ಕೂತ್ಕೊ."

ಕೂತ. ಅವಳು ಪದ ಎತ್ತಿದಳು. ಜವರನ ಕೈ ಪದ ಬಿಟ್ಟು ಮುಂದೆ ಓಡಿತು. ಎರಡನೇ ಸಲ ಎತ್ತಿದಳು. ಮತ್ತೆ ಓಡಿತು. ಮೂರನೇ ಸಲವೂ ಅಷ್ಟೇ. ಸೊಲ್ಲಂತೂ ಬಾಯಿಗೆ ಬರಲೇ ಇಲ್ಲ. ಹೆಂಡತಿ ಕೈಗೆಟುಕುವಷ್ಟು ಹತ್ತಿರ ಕೂತಿದ್ದಾಳೆ. ಆದರೂ ಏಳು ಕೆರೆ ಆಚೆ ಇದ್ದಂಗೆ. ಜವರ ಅತ್ತ.

"ಸಾಕು ಬಿಡಯ್ಯ," ಅಂದಳು. "ಒಬ್ಬಳೇ ಬೀಸಿ ಬೀಸಿ ಈ ಕಲ್ಲೂ ಸವೆದದೆ. ನೀನೂ ಸವೆದಿದ್ದೀಯ. ಸುಮ್ನೆ ಕೂತಿರು."

ಉಳಿ ತಗೊಂಡು ಕಲ್ಲು ಕುಟ್ಟಲು ಕೂತಳು. ಟಕ್, ಟಕ್, ಟಕ್. ದಿನಕ್ಕೆ ಒಂದಿಷ್ಟು. ಜವರ ಉಂಡ, ಮಲಗಿದ, ಎದ್ದ, ಮತ್ತೆ ಮಲಗಿದ.

"ಏನೋ ಜವರ, ಬೀದಿ ಎಲ್ಲೋ? ಚಾಪೆ ಮೇಲೇ ಹಾಕಿಸ್ಕೊಂಡ್ಯಾ?" ಅಂದರು ಊರವರು. ಜವರ ಮಗ್ಗುಲು ಹೊರಳಿದ.

ಮರಿದೊರೆ ಆಳು ಕಳಿಸಿ ಕರೆದ. ಜವರ ಹೋಗಲಿಲ್ಲ. ಜರಿ ಪೇಟ ಕಳಿಸಿ ಕರೆದ. ಹೋಗಲಿಲ್ಲ. ಮೂರನೇ ಸಲ ತಾನೇ ಕುದುರೆ ಏರಿ ಬಂದ.

"ಜವರಣ್ಣ, ಕೋಟೆ ಎದೆಮಟ್ಟ ಬಂದದೆ. ಈಗ ಕೈ ಬಿಡ್ತೀಯಾ? ನಿನ್ನ ಬೀದಿ ಬೇರೆಯವರಿಗೆ ಕೊಡಲಾ?"

ಜವರನ ಕಾಲು ಒಂದು ಗಳಿಗೆ ಪಟ್ಟಣದ ಕಡೆ ಎಳೆಯಿತು. ಮಕ್ಕಳೇ, ಎದ್ದೂ ಬಿಟ್ಟ.

ಪುಟ್ಟೀರಿ ಬಾಗಿಲಿಗೆ ಬಂದಳು.

"ಕಳಿಸ್ತೀನಿ ಸ್ವಾಮಿ. ಕಲ್ಲು ಈಗ ತಾನೇ ಕುಟ್ಟಿ ಮುಗಿದದೆ. ಇದರ ಹಿಟ್ಟಿನ ಒಂದು ರೊಟ್ಟಿ ಉಂಡು ಕರ್ಕೊಂಡು ಹೋಗಿ. ಮೂರು ದಿನ ತಡೀರಿ."

"ಮೂರು ದಿನವೇ! ನನಗೆ ಮೂರು ಗಳಿಗೆ ಇಲ್ಲ. ಈಗಲೇ ಬೀಸು, ಈಗಲೇ ಸುಡು."

"ಆಗಲಿ. ಒಂದು ಮಾತು. ರೊಟ್ಟಿ ಪೂರ್ತಿ ತಿಂದರೆ ಇವನು ಬರ್ತಾನೆ. ಬಿಟ್ಟರೆ ಮತ್ತೆ ಕರೆಯೋ ಹಾಗಿಲ್ಲ."

"ಒಂದು ರೊಟ್ಟಿ ತಾನೇ? ಮಾತು ಕೊಟ್ಟೆ!"

ಪುಟ್ಟೀರಿ ಬೀಸಿದಳು, ತಟ್ಟಿದಳು, ಸುಟ್ಟಳು. ಮರಿದೊರೆ ಗಬಕ್ಕನೆ ಬಾಯಿಗಿಟ್ಟ. ಕಟಕ್!

"ಅಯ್ಯಯ್ಯೋ, ಹಲ್ಲು! ಇದೇನೇ, ಬರೀ ಕಲ್ಲು!"

"ಕಲ್ಲೇ ಸ್ವಾಮಿ. ಹೊಸದಾಗಿ ಕುಟ್ಟಿದ ಕಲ್ಲಿಗೆ ಮೊದಲು ತೌಡು ಹಾಕಿ ಬೀಸಬೇಕು. ಒಂದು ಸಲ, ಎರಡು ಸಲ, ಮೂರು ಸಲ. ಹರಳು ಹೋಗೋವರೆಗೂ ಹಿಟ್ಟಿಗೆ ಆಸೆ ಪಡಬಾರದು. ಅದಕ್ಕೇ ತಡೀರಿ ಅಂದೆ. ಕಲ್ಲಿಗೇ ಅಷ್ಟು ಹೊತ್ತು ಬೇಕು. ಇವನು ಮನುಷ್ಯ."

ಮರಿದೊರೆ ಇನ್ನೊಂದು ತುತ್ತು ಮುರಿಯಲಿಲ್ಲ. ಕೆನ್ನೆ ಹಿಡಿದುಕೊಂಡು ಕುದುರೆ ಹತ್ತಿದ. ಊರವರು ಈಗ ಅವನನ್ನ ನೋಡಿ ನಕ್ಕರು.

ಪುಟ್ಟೀರಿ ಕಲ್ಲಿಗೆ ಮೂರು ಸಲ ತೌಡು ಹಾಕಿದಳು. ಆಮೇಲೆ ರಾಗಿ ಹಾಕಿದಳು. ಎದುರಿನ ಮಣೆ ಕೈಯಿಂದ ಒರೆಸಿದಳು. ಜವರ ಬಂದು ಕೂತ.

"ಕಲ್ಲವ್ವ, ಮೆಲ್ಲಗೆ ತಿರುಗೇ. ನಮ್ಮನೆ ಬಾಗಿಲಿಗೆ ಬೆಳಕು ಬರಲಿ."

ಜವರನ ತುಟಿ ಅಲುಗಿತು. ದನಿ ಬರಲಿಲ್ಲ. ಪುಟ್ಟೀರಿ ಅವಸರ ಮಾಡಲಿಲ್ಲ. ಗೂಟದ ಮೇಲೆ ಕೈ ಇಟ್ಟುಕೊಂಡು ಕಾದಳು.

"ಬರಲವ್ವ," ಅಂದ ಜವರ. ಉಸಿರು ತಗೊಂಡ. "ನಿಧಾನ ಬರಲಿ."

ಕಲ್ಲು ತಿರುಗಿತು.

ಇದರ ನೀತಿ ಇಷ್ಟೇ ಮಕ್ಕಳೇ. ಯಾವ ದೊರೆ ಹೇಳಿದರೂ ಬರಿಗಲ್ಲು ಬೀಸಬೇಡಿ. ಸವೆದು ಬಂದವರನ್ನ ಅವಸರ ಮಾಡಬೇಡಿ. ಎದುರಿನ ಮಣೆಯಲ್ಲಿ ಕೂತು ಪದ ಎತ್ತೋರು ಇರುವಾಗಲೇ ಸೊಲ್ಲು ಕೊಡಿ. ಮಣೆ ಖಾಲಿಯಾದ ಮೇಲೆ ಸೊಲ್ಲು ಬಾಯಲ್ಲೇ ಇರುತ್ತೆ, ಪದ ಎತ್ತೋರು ಇರೋದಿಲ್ಲ.