ಶೋರ್ವಾ ಉಂಡೂ ಅರಿಯದವರು

"ಕೇಳಿರಿ, ಕೇಳಿರಿ! ಕುಬಾದ್ ಖಾನ್ ದೊರೆಗಳ ಮಗಳು ಪಲ್ವಶಾ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಮಗಳೂ ಅರ್ಧ ರಾಜ್ಯವೂ. ತಪ್ಪಿದವನಿಗೆ ಶುಕ್ರವಾರ ತಲೆದಂಡ!"

ಕಾಬೂಲಿನಾಚೆಯ ಬೆಟ್ಟದ ಸೀಮೆಯಲ್ಲಿ ಹೀಗೆ ನಗಾರಿ ಬಾರಿಸಿದ್ದೇ ತಡ, ತಲೆ ಭಾರವಾಗಿದ್ದವರೆಲ್ಲ ಅರಮನೆಗೆ ಮುಗಿಬಿದ್ದರು. ದಾರಿಯ ಛತ್ರದಲ್ಲಿ ಅಡುಗೆ ಮಾಡುವ ಸಂಗೀನನ ಅಣ್ಣ ಲತೀಫನೂ ಅವರಲ್ಲೊಬ್ಬ. ಒಲೆಯ ಮುಂದೆ ಕೂರಲು ನಾಚುತ್ತಿದ್ದ ಆ ಮಹಾಶಯ ಯಾರದೋ ರೇಷ್ಮೆ ಪೇಟ ಸುತ್ತಿಕೊಂಡು ಹೋಗಿ, ಮೊದಲ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದ.

ಗುರುವಾರ ಸಂಗೀನ ಸೌಟು ಕೆಳಗಿಟ್ಟು ಹೊರಟ. ಅಣ್ಣ ದಡ್ಡನೇ ಸರಿ, ಆದರೆ ತನ್ನವರೆಂದು ಉಳಿದಿದ್ದವನು ಅವನೊಬ್ಬನೇ.

ದರ್ಬಾರಿನಲ್ಲಿ ಪಲ್ವಶಾ ಮೊದಲ ಒಗಟು ಹಾಕಿದಳು. "ಹಿಮ ಬೀಳುವ ಮುಂಚೆ ಸಾಯುತ್ತಾನೆ. ಚಳಿಗಾಲವೆಲ್ಲ ಹಗ್ಗಕ್ಕೆ ನೇತಾಡುತ್ತಾನೆ. ಆದರೂ ಕೊಳೆಯುವುದಿಲ್ಲ. ಯಾರವನು?"

"ವೀರನ ಕೀರ್ತಿ!" ಎಂದ ಗಡ್ಡಕ್ಕೆ ಅತ್ತರು ಬಳಿದ ವಜೀರನ ಮಗ. ಭಟರು ಅವನನ್ನು ಎಳೆದೊಯ್ದರು. "ಶನಿಗ್ರಹ!" ಎಂದ ಆಸ್ಥಾನದ ಜ್ಯೋತಿಷಿ. ತನ್ನ ಶನಿ ತನಗೇ ಕಾಣದ ಪುಣ್ಯಾತ್ಮ! ಅವನನ್ನೂ ಎಳೆದೊಯ್ದರು. ಪಲ್ವಶಾ ಆಕಳಿಸಿದಳು.

ಮಸಿ ಅಂಗಿಯ ಸಂಗೀನ ಮುಂದೆ ಬಂದಾಗ ಆಸ್ಥಾನ ಮೂಗು ಮುಚ್ಚಿಕೊಂಡಿತು.

"ಉಳಿದೆರಡನ್ನೂ ಹೇಳಿಬಿಡಿ ತಾಯಿ," ಎಂದ.

"ಮಲಗುವಾಗ ಒಂದು ಹಿಡಿ, ಏಳುವಾಗ ಎರಡು ಹಿಡಿ. ಮಿಂದ ನೀರು ಚೆಲ್ಲದಿದ್ದರೆ ಹೊಟ್ಟೆಯೊಳಗೆ ಜಗಳ ತೆಗೆಯುತ್ತಾಳೆ. ಇದು ಎರಡನೆಯದು. ಇನ್ನು ಮೂರನೆಯದು. ಒಬ್ಬ ಎಲ್ಲರಿಗಿಂತ ಮೊದಲು ಪಾತ್ರೆಗಿಳಿದು ಕೊನೆಗೆ ಬಾಯಿಗೆ ಬರುತ್ತಾನೆ. ಇನ್ನೊಬ್ಬ ಪಾತ್ರೆಯ ಮುಖವನ್ನೇ ನೋಡದೆ ಮೊದಲು ಬಾಯಿಗೆ ಬರುತ್ತಾನೆ."

ಸಂಗೀನನಿಗೆ ನಗು ತಡೆಯಲಾಗಲಿಲ್ಲ. "ಒಂದು ಬಟ್ಟಲು ಅಲಸಂದೆ ಶೋರ್ವಾ ತರಿಸಿ, ಹುಜೂರ್."

"ಸಾಯುವ ಮುಂಚೆ ಹಸಿವಂತೆ!" ಎಂದು ದೊರೆ ನಕ್ಕ. ಆಸ್ಥಾನವೂ ನಕ್ಕಿತು. ದೊರೆ ಕೆಮ್ಮಿದರೂ ನಗುವ ಜನ ಅದು.

ಬಿಸಿ ಸಾರಿನ ಬಟ್ಟಲು ಬಂತು. ಸಂಗೀನ ಬೆರಳಿಟ್ಟು ತೋರಿಸಿದ. "ಹಗ್ಗಕ್ಕೆ ನೇತಾಡಿದವನು ಈ ಲಾಂದಿ. ಹಿಮಕ್ಕೆ ಮುಂಚೆ ಕುರಿ ಕೊಯ್ದು, ಉಪ್ಪು ಸವರಿ ನೇತುಹಾಕಿದ ಒಣಮಾಂಸ. ರಾತ್ರಿ ನೆನೆದು ಎರಡು ಹಿಡಿಯಾದವಳು ಅಲಸಂದೆ. ನೆನೆಸಿದ ನೀರು ಚೆಲ್ಲದೆ ಬೇಯಿಸಿ ನೋಡಿ, ಹೊಟ್ಟೆಯೇ ಸಾಕ್ಷಿ ಹೇಳುತ್ತದೆ. ಇನ್ನು ಮೂರನೆಯದು." ಅವನು ರೊಟ್ಟಿ ಮುರಿದು ರಸಕ್ಕೆ ಹಾಕಿದ. "ನಾವು ಮೊದಲು ತಿನ್ನುವುದು ಪಾತ್ರೆಗಿಳಿಯದೆ ಬಟ್ಟಲ ರಸದಲ್ಲೇ ನೆನೆದ ರೊಟ್ಟಿ. ಮೊದಲು ಬೇಯಲು ಹಾಕಿದ ಮಾಂಸ ಕೊನೆಗೆ."

"ಇಷ್ಟೇನಾ?" ದೊರೆಯ ಮುಖ ಸಪ್ಪಗಾಯಿತು.

"ಇಷ್ಟೇ, ಬಾಬಾ," ಎಂದಳು ಪಲ್ವಶಾ. "ಇವರೆಲ್ಲ ದಿನಾ ಇದನ್ನೇ ಉಂಡು ಬಟ್ಟಲು ನೆಕ್ಕುತ್ತಾರೆ. ಅನ್ನ ಕೊಡುವ ಒಲೆಯ ಕಡೆ ತಿರುಗಿ ನೋಡದವನು ರಾಜ್ಯವನ್ನೇನು ನೋಡುತ್ತಾನೆ? ನಾನು ಇವನನ್ನೇ ಒಪ್ಪಿದೆ."

"ಮೊದಲು ಸೆರೆಯಲ್ಲಿರುವವರನ್ನು ಬಿಡಿಸಿ ತಾಯಿ. ನನ್ನಣ್ಣನೂ ಅಲ್ಲಿದ್ದಾನೆ," ಎಂದು ಸಂಗೀನ ಕೈಮುಗಿದ.

"ಬಿಡಿ ಅವರನ್ನು," ಎಂದು ಪಲ್ವಶಾ ಭಟರಿಗೆ ಹೇಳಿದಳು. "ಆ ತಲೆಗಳನ್ನು ಕಡಿದರೆ ಕತ್ತಿಗೆ ಅವಮಾನ."

ಲತೀಫ ಪೇಟ ಸರಿಮಾಡಿಕೊಳ್ಳುತ್ತ ಹೊರಬಂದ. ತಮ್ಮನನ್ನು ತಬ್ಬಲಿಲ್ಲ, ಹೇಗಿದ್ದೀಯೆಂದು ಕೇಳಲೂ ಇಲ್ಲ. "ಅರ್ಧ ರಾಜ್ಯದಲ್ಲಿ ನನ್ನ ಪಾಲೆಷ್ಟು?" ಎಂದ.

ಸಂಗೀನ ಅಣ್ಣನ ಹೆಗಲ ಮೇಲೆ ಕೈಯಿಟ್ಟ. "ರಾಜ್ಯ ಯಾಕಣ್ಣಾ? ಛತ್ರದ ಒಲೆ ಪೂರ್ತಿ ನಿನ್ನದೇ. ನಾಳೆ ನಲವತ್ತು ಜನ ಉಣ್ಣೋಕೆ ಬರ್ತಾರೆ. ಬೇಗ ಹೋಗಿ ಅಲಸಂದೆ ನೆನೆಸು."