ಅಪ್ಪನಕಲ್ಲು ಗುಡ್ಡ

ಬಳ್ಳಾರಿ ಸೀಮೆಯ ಹಿರೇಕಣಿವೆಗೆ ಬಂದವರು ಊರ ಹಿಂದಿನ ಬೋಳುಗುಡ್ಡವನ್ನು ಹತ್ತದೆ ಹೋಗುವುದಿಲ್ಲ. ನೆತ್ತಿಯ ಮೇಲೆ ಚಾವಣಿ ಬಿದ್ದ ಹಜಾರವೊಂದಿದೆ. ಅದರ ನೆಲದಲ್ಲಿ ಕಲ್ಲು ನಿಲ್ಲಿಸುವ ಕುಳಿಗಳು ಸಾಲುಸಾಲಾಗಿವೆ, ಎಲ್ಲವೂ ಖಾಲಿ. ಮೂಲೆಯ ಕುಳಿಯಲ್ಲಿ ಮಾತ್ರ ಒಂದು ಕಾಡುಗಲ್ಲು ನಿಂತಿದೆ. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ. ಶಾಸನ ಹುಡುಕಿಕೊಂಡು ಬರುವ ಪಂಡಿತರು ಅದನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡು ಇಳಿದುಬಿಡುತ್ತಾರೆ. ಗುಡ್ಡಕ್ಕೆ ಹೆಸರು ಬಂದದ್ದೇ ಆ ಕಲ್ಲಿನಿಂದ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿಯ ಕೋಟೆಯನ್ನು ಗಾದಿಲಿಂಗನಾಯಕನೆಂಬವನು ಆಳುತ್ತಿದ್ದ. ಅವನು ಕೋಟೆಬಾಗಿಲು ಕಾಯುವವನ ಮಗ. ಹಳೆಯ ನಾಯಕ ಮಕ್ಕಳಿಲ್ಲದೆ ಸತ್ತಾಗ ಕತ್ತಿಯ ಬಲದಿಂದ ಗದ್ದುಗೆ ಏರಿದ್ದ. ಆಳಿಕೆಯೇನೂ ಕೆಟ್ಟದ್ದಾಗಿರಲಿಲ್ಲ. ಆದರೂ ಸುತ್ತಲಿನ ಪಾಳೆಯಗಾರರು ಅವನನ್ನು ಸರಿಸಮನೆಂದು ಒಪ್ಪದೆ ಅವನ ಕೈಯ ವೀಳ್ಯ ಮುಟ್ಟುತ್ತಿರಲಿಲ್ಲ. ಪಾಪ, ಆ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹೀಗಿರುವಾಗ ರೇಷ್ಮೆ ಮಾರಲು ಬಂದ ವರ್ತಕನೊಬ್ಬ ಚೀನಾ ದೇಶದ ಸುದ್ದಿ ಹೇಳಿದನಂತೆ. ಅಲ್ಲಿ ಹೊಸದಾಗಿ ಪಟ್ಟಕ್ಕೆ ಬಂದ ಚಕ್ರವರ್ತಿ ಹಿಂದಿನವರ ಕೈಬರಹ, ಚಿತ್ರಪಟಗಳನ್ನೆಲ್ಲ ಅರಮನೆಗೆ ತರಿಸಿ ಅವುಗಳ ಮೇಲೆ ತನ್ನ ಕೆಂಪು ಮುದ್ರೆ ಒತ್ತುತ್ತಾನೆ. ಹಳೆಯ ಅಕ್ಷರ ಯಾರ ಮನೆಯಲ್ಲಿದೆಯೋ ರಾಜ್ಯವೂ ಅವನದೇ ಎಂದು ಜನ ಒಪ್ಪುತ್ತಾರೆ. ನಾಯಕನ ಕಿವಿ ನೆಟ್ಟಗಾಯಿತು. ಕಾಗದವಿಲ್ಲದಿದ್ದರೇನು, ತನ್ನ ಸೀಮೆಯಲ್ಲಿ ಕಲ್ಲಿಗೆ ಬರವಿರಲಿಲ್ಲ. ಊರೂರಿನ ಶಾಸನ, ವೀರಗಲ್ಲುಗಳನ್ನು ಕೀಳಿಸಿ ಬಂಡಿಗಳಲ್ಲಿ ತರಿಸಿದ. ಗುಡ್ಡದ ನೆತ್ತಿಯಲ್ಲಿ ಹಜಾರ ಕಟ್ಟಿಸಿ ಅವನ್ನು ನಿಲ್ಲಿಸಿದ. ಮುತ್ತು ಪೋಣಿಸಿದಂಥ ಆ ಅಕ್ಷರಗಳ ಪಕ್ಕದಲ್ಲೇ ತನ್ನ ಲಾಂಛನವಾದ ಹಂದಿಯ ಮುದ್ರೆ ಕೆತ್ತಿಸಿದ. ಜನ ಹೆದರಿ ಬಾಯಿ ಮುಚ್ಚಿಕೊಂಡರು.

ಮಾರ್ನಮಿಯ ದಿನ ನೆರೆಯ ಪಾಳೆಯಗಾರರನ್ನೆಲ್ಲ ಕರೆಸಿದ. ಕಲ್ಲುಗಳ ನಡುವೆ ಕುಳಿತ ನಾಯಕನನ್ನು ಕಂಡು ಅವರ ಬಿಗುಮಾನ ಸಡಿಲಿತು. ಹಿರಿಯನೊಬ್ಬ ವೀಳ್ಯಕ್ಕೆ ಕೈ ಚಾಚಿಯೂ ಇದ್ದ. ಅಷ್ಟರಲ್ಲಿ ಹುಲಿಗೆವ್ವನೆಂಬ ಮುದುಕಿ ರೊಟ್ಟಿಯ ಬುಟ್ಟಿ ಹೊತ್ತು ಒಳಗೆ ಬಂದಳು. ಅವಳ ಮನೆತನದ ವೀರಗಲ್ಲೂ ಅಲ್ಲಿತ್ತು. ಮಾರ್ನಮಿಗೆ ಹಿರಿಯರ ಕಲ್ಲಿಗೆ ಎಡೆ ಇಡುವುದು ಆ ಸೀಮೆಯ ಪದ್ಧತಿ.

“ಯಪ್ಪಾ, ನಮ್ಮ ಹಿರೇರನ್ನ ನಿನ್ನ ಮನಿಗೆ ಕರಕೊಂಡು ಬಂದೀ ಅಂದ್ರ ನೀನೂ ನಮ್ಮ ಬಳಗದಾವನ ಆದಿ. ಇನ್ಮ್ಯಾಲೆ ಎಡಿ ನೀನ ಇಡಬೇಕು. ಗೊತ್ತಿರಲಿಕ್ಕಿಲ್ಲ ಅಂತ ಈ ವರ್ಷ ನಾನ ತಂದೀನಿ,” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದಳು. ಎಲ್ಲ ಕಲ್ಲುಗಳ ಮುಂದೆಯೂ ರೊಟ್ಟಿಯ ಚೂರಿಟ್ಟು, “ನಿಮ್ಮಪ್ಪನ ಕಲ್ಲು ಯಾವುದು ಮಗಾ? ಅವ್ನಿಗೂ ಇಡ್ತೀನಿ,” ಎಂದು ಕೇಳಿದಳು.

ಪಾಳೆಯಗಾರರು ಮೀಸೆಯಡಿಯಲ್ಲಿ ನಕ್ಕರು. ಯಾವುದಾದರೊಂದು ಕಲ್ಲು ತೋರಿಸಿದ್ದರೆ ಮುಗಿಯುತ್ತಿತ್ತು. ನಾಯಕ ಬೆರಳೆತ್ತಿದ, ಎತ್ತಿದ ಬೆರಳನ್ನು ಮಡಚಿಕೊಂಡ.

“ನಮ್ಮಪ್ಪಗ ಕಲ್ಲಿಲ್ಲಬೇ. ಕೋಟಿ ಬಾಗಿಲಾಗ ಕಾದಾಡಿ ಸತ್ತ. ಯಾರೂ ನೆಡಲಿಲ್ಲ. ನಾನೂ ನೆಡಲಿಲ್ಲ.”

“ಹಂಗಾದ್ರ ಇನ್ನೂ ಹಸಗೊಂಡ ಕುಂತಿರ್ತಾನ,” ಎಂದಳು ಮುದುಕಿ.

ವೀಳ್ಯಕ್ಕೆ ಚಾಚಿದ್ದ ಹಿರಿಯನ ಕೈ ಹಿಂದಕ್ಕೆ ಹೋಯಿತು. ವೀಳ್ಯ ತಟ್ಟೆಯಲ್ಲೇ ಒಣಗಿತು ಎನ್ನುತ್ತಾರೆ. ನಾಯಕ ಅತ್ತ ನೋಡಲಿಲ್ಲ. ಕೋಟೆಬಾಗಿಲಿಗೆ ಇಳಿದುಹೋಗಿ, ಅಪ್ಪ ಬಿದ್ದ ಜಾಗದ ಕಲ್ಲೊಂದನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಮೂಲೆಯಲ್ಲಿ ನೆಟ್ಟ. ಮುದುಕಿಯ ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅದರ ಮುಂದಿಟ್ಟು ಮಗುವಿನಂತೆ ಅತ್ತ. ಮಿಕ್ಕ ಕಲ್ಲುಗಳೆಲ್ಲ ಬಂದ ಬಂಡಿಗಳಲ್ಲೇ ತಮ್ಮ ಊರು ಸೇರಿದವು.

ಆ ಊರುಗಳ ಕಲ್ಲುಗಳಲ್ಲಿ ಇಂದಿಗೂ ಹಂದಿಯ ಮುದ್ರೆಯಿದೆ. ಅದನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಬಳಗದವನ ಗುರುತು ಎನ್ನುತ್ತಾರೆ. ನಾಯಕನ ವಂಶದವರು ಈಗ ಯಾರೂ ಉಳಿದಿಲ್ಲ. ಆದರೂ ಗುಡ್ಡದ ಮೇಲಿನ ಕಲ್ಲು ಎಣ್ಣೆಯಿಂದ ಕಪ್ಪಾಗಿ ಮಿನುಗುತ್ತದೆ. ಮಾರ್ನಮಿಯಂದು ಹತ್ತಿದವರು ಅದರ ಬುಡದಲ್ಲಿ ಆ ಊರುಗಳವರೆಲ್ಲ ತಂದಿಟ್ಟ ರೊಟ್ಟಿಯನ್ನು ನೋಡಬಹುದು. ತಮ್ಮ ಹಿರಿಯರಿಗೆ ಅವರು ಎಡೆ ಇಡುವುದು ಆಮೇಲೆ.